ಆಮಿ ಸಾಕಬೇಕಾ? ಪುಸ್ತಕದಾಗ ಸಾಕ್ರಿ!

ನವಲಗುಂದದ ಕಡೆ ಎತ್ತು, ಎಮ್ಮೆ ಕಟ್ಟಿದವರಿಗೆ ಆಮೆ ಸಾಕುವುದೆಂದರೆ ನಗು. ಹಾಲು ಕೊಡುವುದಿಲ್ಲ, ಕುಂಟಿಗೆ ಹೂಡಿದರೆ ಒಂದು ಸಾಲು ಮುಗಿಯುವಷ್ಟರಲ್ಲಿ ಮುಂದಿನ ಮುಂಗಾರು.

ಚಿತ್ರಪುಸ್ತಕದಲ್ಲಿ ಮಾತ್ರ ಅದಕ್ಕೆ ಭಾರೀ ಮರ್ಯಾದೆ. ರೋಲ್ಡ್ ಡಾಲ್ 1990ರಲ್ಲಿ ಬರೆದ, ಕ್ವೆಂಟಿನ್ ಬ್ಲೇಕ್ ಚಿತ್ರ ಬಿಡಿಸಿದ ‘ಎಸಿಯೊ ಟ್ರಾಟ್’ನಲ್ಲಿ ಒಬ್ಬಾತ ಕೆಳಗಿನ ಮನೆಯಾಕೆಯ ಮನಸ್ಸು ಗೆಲ್ಲಲು 140 ಆಮೆ ಕೊಳ್ಳುತ್ತಾನೆ. ಆಕೆಯ ಆಮೆ ‘ಬೆಳೆದಂತೆ’ ಕಾಣಲಿ ಎಂದು ಗುಟ್ಟಾಗಿ ಅದರ ಬದಲು ದೊಡ್ಡದನ್ನು ಇಡುತ್ತ ಹೋಗುತ್ತಾನೆ. ಕೊನೆಗೆ ಮದುವೆ!

ಕಲಘಟಗಿಯಲ್ಲಿ ನಕ್ಷತ್ರ ಆಮೆ ತಂದು ಹೀಗೆ ಮಾಡಿದರೆ ಬೀಗರಿಗಿಂತ ಮೊದಲು ಅರಣ್ಯ ಇಲಾಖೆಯವರೇ ಬಂದಾರು. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಸಾಕುವುದು ಅಪರಾಧ; 2022ರ ತಿದ್ದುಪಡಿಯಿಂದ ಅದಕ್ಕೆ ಮೊದಲ ಅನುಸೂಚಿಯ ರಕ್ಷಣೆ.

ಹೀಗಾಗಿ ಅಣ್ಣಿಗೇರಿಯ ಹುಡುಗರಿಗೆ ಪಂಚತಂತ್ರದ ಆಮೆಯೇ ಗತಿ: ಹಂಸಗಳು ಹಿಡಿದ ಕೋಲು ಕಚ್ಚಿ ಹಾರಿ, ಬಾಯಿಬಿಟ್ಟು ಬಿದ್ದದ್ದು. ಅದಕ್ಕೆ ಸೊಪ್ಪು ಬೇಡ, ಪರವಾನಗಿ ಬೇಡ. ಕತಿ ಹೇಳಾಕ ಆಯಿಗೆ ಪುರಸೊತ್ತಿದ್ದರೆ ಆಯಿತು.