ವಾಸ್ಕೊ ಡ ಗಾಮ ಅವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ವಾಸ್ಕೊ ಡ ಗಾಮ ಅವರೇ,

ಸಾಷ್ಟಾಂಗ ನಮಸ್ಕಾರ ಎಂದು ಬರೆಯುವವನಿದ್ದೆ. ಆದರೆ ಮೊನ್ನೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವಾಗ, ಬೋಟಿನ ಹಲಗೆಯ ಮೇಲೆ ಅದು ತಾನಾಗಿಯೇ ಆಗಿಹೋಯಿತು. ಹಾಗಾಗಿ ಈಗ ಬರೀ ನಮಸ್ಕಾರ.

1498ರಲ್ಲಿ ಆಫ್ರಿಕಾದ ಮಲಿಂದಿಯಿಂದ ಕಲ್ಲಿಕೋಟೆಯತ್ತ ಕಡಲು ದಾಟಲು ನಿಮಗೆ 23 ದಿನ ಹಿಡಿಯಿತಂತೆ. ವಾಪಸು ಹೋಗುವಾಗ ಗಾಳಿ ಕೈಕೊಟ್ಟು ಸುಮಾರು ಮೂರು ತಿಂಗಳು. ವಸಡು ಬಾತು 30ರಷ್ಟು ನಾವಿಕರು ತೀರಿಕೊಂಡರಂತೆ. ನಮ್ಮದು ಬರೀ ಆರು ಕಿಲೋಮೀಟರು. ಆದರೂ ಹೇಳುತ್ತೇನೆ, ಕಷ್ಟ ನಮ್ಮದೇ ಹೆಚ್ಚು. ನಿಮ್ಮ ಹಡಗಿನಲ್ಲಿ ಧ್ವನಿವರ್ಧಕ ಇರಲಿಲ್ಲ.

ಮೊದಲು ಬಂದರಿನ ಸಂಗತಿ. ಟ್ರಾಲ್ ಬೋಟುಗಳು ಒಂದಕ್ಕೊಂದು ಮೈ ತಾಗಿಸಿ ನಿಂತಿದ್ದವು. ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ ಇಳಿಯುತ್ತಿತ್ತು, ಮಂಜುಗಡ್ಡೆ ಪುಡಿಯಾಗುತ್ತಿತ್ತು. ನಮ್ಮ ತಂಡದವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ‘ಇಷ್ಟೊಂದು ವಾಸನೆ ಯಾಕೆ?’ ಎಂದು ದೂರಿದರು. ಅದೇ ಜನ ಮಧ್ಯಾಹ್ನ ಹೋಟೆಲಿನಲ್ಲಿ, ‘ಅಂಜಲ್ ಇವತ್ತಿನದ್ದೇ ತಾನೇ?’ ಎಂದು ಮಾಣಿಯ ಪಾಟೀಸವಾಲು ನಡೆಸಿದರು.

ಬೋಟು ಹತ್ತಿದೆವು. ಕೊಟ್ಟ ಲೈಫ್ ಜಾಕೆಟ್ಟನ್ನು ಅರ್ಧ ಜನ ಮಡಿಲಲ್ಲಿಟ್ಟುಕೊಂಡರು; ಹಾಕಿಕೊಂಡರೆ ಹೊಸ ಅಂಗಿ ಫೋಟೋದಲ್ಲಿ ಕಾಣುವುದಿಲ್ಲವಂತೆ. ದಡ ಹಿಂದೆ ಸರಿದು ತೆರೆ ಎತ್ತಿ ಹಾಕತೊಡಗಿದ ಮೇಲೆ ಹಾಡಿಗೆ ಕುಣಿಯುತ್ತಿದ್ದವರೂ ಕೂತರು. ಅಲ್ಲಿಯವರೆಗೆ ನಾಸ್ತಿಕರಾಗಿದ್ದ ನಮ್ಮ ಭಾವನವರು ಉಡುಪಿಯ ಕೃಷ್ಣನಿಗೆ ಒಂದು ಸೇವೆ ಹೇಳಿಕೊಂಡರು. ದಡ ಕಂಡ ಕೂಡಲೇ ಮರೆತರು.

ಇನ್ನು ಮುಖ್ಯ ವಿಷಯ. ಕಲ್ಲಿಕೋಟೆಯಿಂದ ಮರಳುವಾಗ ನೀವು ಪೋರ್ಚುಗಲ್ಲಿನಿಂದ ಹೊತ್ತು ತಂದ ಕಲ್ಲುಕಂಬವನ್ನು ಇಲ್ಲಿ ನೆಟ್ಟು, ‘ಸಾಂತಾ ಮರಿಯಾ’ ಎಂದು ಹೆಸರಿಟ್ಟಿರಿ. ಸ್ವಾಮಿ, ಈ ದ್ವೀಪದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಅದು ಕುಡಿಯುವ ನೀರು. ಕಂಬಕ್ಕೆ ಬರವೇ? ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲಕ್ಕೆ, ಉಕ್ಕಿದ ಲಾವಾ ತಣಿದು ಬಿರಿದು, ಐದು, ಆರು, ಏಳು ಮೂಲೆಯ ಕಂಬಗಳಾಗಿ ಸಾಲುಗಟ್ಟಿ ನಿಂತಿದೆ. ನೆಲವೇ ಇಷ್ಟು ಕಂಬ ನೆಟ್ಟಿರುವಲ್ಲಿಗೆ ಸಾವಿರಾರು ಹರದಾರಿ ದೂರದಿಂದ ಇನ್ನೊಂದನ್ನು ತಂದಿರಲ್ಲ, ತೆಂಗಿನ ತೋಟಕ್ಕೆ ಎಳನೀರು ಹೊತ್ತಂತೆ!

ಊರವರು ಈ ದ್ವೀಪವನ್ನು ‘ತೋನ್ಸೆ ಪಾರ್’ ಎನ್ನುತ್ತಾರೆ. ಇದರ ಹೆಸರೇನು ಎಂದು ಕೇಳುವ ಪುರುಸೊತ್ತು ನಿಮಗಿರಲಿಲ್ಲ. ನಮಗೂ ಇಲ್ಲ. ಈ ವಿಷಯದಲ್ಲಿ ನಾವು ನಿಮ್ಮ ನಿಜವಾದ ವಾರಸುದಾರರು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ನಮ್ಮವರು ಅದನ್ನು ಪ್ರೇಮ ಸ್ಮಾರಕವನ್ನಾಗಿ ಮೇಲ್ದರ್ಜೆಗೇರಿಸಿದ್ದಾರೆ. ಬಂಡೆಯ ಮೇಲೆ ಎರಡು ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಪಕ್ಕದಲ್ಲಿ ಕುರುಕಲು ತಿಂಡಿಯ ಖಾಲಿ ಪೊಟ್ಟಣ. ನೀವು ಒಂದೇ ಕಂಬಕ್ಕೆ ಸುಮ್ಮನಾದಿರಿ. ನಾವು ಪ್ರತಿ ಭಾನುವಾರ ದ್ವೀಪವನ್ನು ಹೊಸದಾಗಿ ಗೆಲ್ಲುತ್ತೇವೆ.

ಮಳೆಗಾಲದಲ್ಲಿ ಈ ಬೋಟುಗಳು ನಿಲ್ಲುತ್ತವೆ. ದ್ವೀಪ ಸ್ನಾನ ಮಾಡಿ ಸುಧಾರಿಸಿಕೊಳ್ಳುವುದು ಆಗಲೇ ಇರಬೇಕು.

ಮರಳುವ ಹೊತ್ತಿಗೆ ನಿಮ್ಮ ಕಂಬ ಎಲ್ಲಿದೆ ಎಂದು ಬೋಟಿನವರನ್ನು ಕೇಳಿದೆ. ಹಗ್ಗ ಸುತ್ತುತ್ತಿದ್ದವರು ತಲೆ ಎತ್ತದೆ, ‘ಯಾವ ಟ್ರಿಪ್ಪಿನವರು ಅವರು? ಇಲ್ಲಿ ಬಿಟ್ಟು ಹೋದದ್ದು ಸಿಗುವುದಿಲ್ಲ ಮಾರಾಯ್ರೆ. ಸಿಕ್ಕಿದರೆ ಚಪ್ಪಲಿ ಮಾತ್ರ’ ಎಂದರು.

ಇಂತಿ ತಮ್ಮ ವಿಧೇಯ,
ಹಿಂದಿನ ಸಾಲಿನಲ್ಲಿ ಕೂತು ವಾಂತಿ ಮಾಡಿಕೊಂಡ ಪ್ರಯಾಣಿಕ

ವಿ.ಸೂ.: ನನ್ನ ಎಡಗಾಲಿನ ಚಪ್ಪಲಿ ಅಲ್ಲೇ ಉಳಿದಿದೆ. ಗುರುತು ಬಿಟ್ಟು ಬಂದವರ ಪಟ್ಟಿಯಲ್ಲಿ, ನಿಮ್ಮ ಕೆಳಗೆ, ನನ್ನ ಹೆಸರನ್ನೂ ಸೇರಿಸಿಕೊಳ್ಳಿ.