ನಿಲ್ಲುವವರ ಬೈಕಿನಲ್ಲಿ ಕೂತು

ಜಾಹೀರಾತಿನಲ್ಲಿ ಮಣ್ಣುದಾರಿಗೆಂದೇ ಮಾಡಿದ ಜಾತಿಯ ಬೈಕು ಓಡಿಸುವವನು ಕೂತಿದ್ದನ್ನು ಯಾರಾದರೂ ಕಂಡಿದ್ದೀರಾ? ಕಲ್ಲು, ಕೊರಕಲು, ಹಳ್ಳ ಎಲ್ಲವನ್ನೂ ಆ ಪುಣ್ಯಾತ್ಮ ಫುಟ್‌ರೆಸ್ಟ್ ಮೇಲೆ ನಿಂತೇ ದಾಟುತ್ತಾನೆ. ಮಣ್ಣುದಾರಿಯಲ್ಲಿ ಹಾಗೆ ನಿಂತರೇ ಬೈಕು ಹೇಳಿದ ಮಾತು ಕೇಳುವುದು. ಹೀಗಾಗಿ ಸೀಟನ್ನು ಸುಮ್ಮನೆ ಮರ್ಯಾದೆಗೆ ಇಟ್ಟಿರುತ್ತಾರೆ: ಸಪೂರ, ಗಟ್ಟಿ, ಎತ್ತರ. ಕೆಂಗೇರಿಯಿಂದ ಆಫೀಸಿಗೆ ಹೋಗುವ ನಾನು ಮಾತ್ರ ಅದರ ಮೇಲೆ ಕೂತೇ ಹೋಗಬೇಕು. ಮೈಸೂರು ರಸ್ತೆಯಲ್ಲಿ ಎದ್ದು ನಿಂತು ಓಡಿಸಿದರೆ ಪಕ್ಕದ ಬಸ್ಸಿನವರೆಲ್ಲ ಕಿಟಕಿಗೆ ಬರುತ್ತಾರೆ.

ನಮ್ಮಲ್ಲಿ ಇಂಥ ಸಣ್ಣ ಬೈಕುಗಳು ಬಂದದ್ದೇ ಕಡಿಮೆ. ಹೀರೋದ ಇಂಪಲ್ಸ್ 2011ರಲ್ಲಿ ಬಂತು, ಕೆಲವೇ ವರ್ಷಗಳಲ್ಲಿ ಹೋಯಿತು. 2019ರಲ್ಲಿ ಎಕ್ಸ್‌ಪಲ್ಸ್ 200 ಬಂತು. ನನ್ನದೂ ಅದೇ ಗೋತ್ರದ್ದು. ಆ ಮೊದಲ ಎಕ್ಸ್‌ಪಲ್ಸ್ 200ರ ಸೀಟಿನ ಎತ್ತರ 823 ಮಿ.ಮೀ., ಸ್ಪ್ಲೆಂಡರಿನದು 785. ಹೆಚ್ಚಿರುವುದು ಒಂದೂವರೆ ಇಂಚು. ಆ ಒಂದೂವರೆ ಇಂಚಿನ ಮಹಿಮೆ ತಿಳಿಯಬೇಕಾದರೆ ಐದಡಿ ನಾಲ್ಕಂಗುಲದ ಮನುಷ್ಯ ಸಿಗ್ನಲ್ಲಿನಲ್ಲಿ ಒಂದೇ ಹೆಬ್ಬೆರಳ ಮೇಲೆ ನಿಂತು ನೋಡಬೇಕು. ಕಾಲೂರುವ ಕಡೆಯಲ್ಲೇ ಗುಂಡಿಯಿದ್ದರಂತೂ ಕುಲದೇವರೇ ಗತಿ.

ಜೆ.ಸಿ. ರಸ್ತೆಯ ಸೀಟಿನ ಅಂಗಡಿಗೆ ಹೋದೆ. ಆತ ಸೀಟನ್ನೊಮ್ಮೆ ಒತ್ತಿದ, ನನ್ನನ್ನೊಮ್ಮೆ ಅಳೆದ. "ಫೋಮ್ ತೆಗೆದ್ರೆ ಕಾಲು ಸಿಗತ್ತೆ, ಸೊಂಟ ಹೋಗತ್ತೆ. ಫೋಮ್ ಹಾಕಿದ್ರೆ ಸೊಂಟ ಉಳಿಯತ್ತೆ, ಕಾಲು ಸಿಗಲ್ಲ. ಯಾವುದು ಬೇಕು ಹೇಳಿ ಸಾರ್." ಎರಡೂ ಹುಟ್ಟಿನಿಂದ ನನ್ನವೇ, ಯಾವುದನ್ನೂ ಬಿಟ್ಟುಕೊಡುವ ಯೋಚನೆಯಿಲ್ಲ ಎಂದೆ. ಆತ ನಕ್ಕು, ಟ್ಯಾಂಕಿನ ಹತ್ತಿರ ಸೀಟಿನ ಎರಡು ಅಂಚನ್ನೂ ಕೆತ್ತಿ, ಹಿಂದೆ ಕೂರುವ ಕಡೆ ಅಗಲ ಮಾಡಿ, ಗಟ್ಟಿ ಫೋಮಿನ ಮೇಲೆ ಮೆತ್ತನೆಯದೊಂದು ಪದರ ಕೂರಿಸಿಕೊಟ್ಟ. ತೊಡೆ ಅಗಲಿಸುವುದು ತಪ್ಪಿದ್ದರಿಂದ ಕಾಲು ನೇರ ಕೆಳಗಿಳಿಯಿತು. ಎತ್ತರ ಇದ್ದಷ್ಟೇ ಇದೆ, ನೆಲ ಮಾತ್ರ ಹತ್ತಿರ ಬಂದಿದೆ.

ಇನ್ನೂ ಸ್ವಲ್ಪ ಇಳಿಯಲೆಂದು ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗು ಸಡಿಲಿಸಿದ. ಬೈಕು ಇಳಿಯಿತು, ಸೈಡ್ ಸ್ಟ್ಯಾಂಡು ಇಳಿಯಲಿಲ್ಲ. ಎಡಕ್ಕೆ ವಾಲಿ ನಿಲ್ಲಬೇಕಾದದ್ದು ಈಗ ನೆಟ್ಟಗೆ ನಿಂತು, ಗಾಳಿ ಬೀಸಿದರೆ ಬಲಕ್ಕೆ ಹೋಗಲೇ ಎಂದು ಯೋಚಿಸತೊಡಗಿತು. ಹೆಡ್‌ಲೈಟು ರಸ್ತೆ ಬಿಟ್ಟು ಎದುರು ಮನೆಯ ಎರಡನೇ ಮಹಡಿ ಬೆಳಗಿತು. ಸ್ಟ್ಯಾಂಡು ಕತ್ತರಿಸಿ ಬೆಸುಗೆ ಹಾಕಿಸುವ ಬದಲು ಸ್ಪ್ರಿಂಗನ್ನೇ ಮತ್ತೆ ಬಿಗಿ ಮಾಡಿಸಿದೆ. ಮನೆಯವಳು ಹಿಂದೆ ಕೂರುವಾಗ ಅದು ಹೇಗೂ ಬಿಗಿಯೇ ಇರಬೇಕು. ಈ ಕಾರಣವನ್ನು ಅವಳಿಗೆ ಹೇಳುವ ಧೈರ್ಯ ಮಾಡಿಲ್ಲ.

ಬಲ್ಲವರು ಕೊಡುವ ಇನ್ನೊಂದು ಸಲಹೆ ಸ್ಪ್ರಾಕೆಟ್‌ನದು. ಮುಂದಿನದಕ್ಕೆ ಒಂದು ಹಲ್ಲು ಹೆಚ್ಚಿಸಿದರೆ ಎಪ್ಪತ್ತರ ವೇಗದಲ್ಲಿ ಎಂಜಿನ್ ಕಿರುಚುವುದಿಲ್ಲವಂತೆ, ಕೈ ಜುಮ್ಮೆನ್ನುವುದಿಲ್ಲವಂತೆ. ನಿಜವೇ. ಆದರೆ ನಾಯಂಡಹಳ್ಳಿಯಲ್ಲಿ ಬೆಳಗಿನ ಒಂಬತ್ತೂವರೆಗೆ ಎಪ್ಪತ್ತರ ವೇಗ ಎಲ್ಲಿ ಸಿಗುತ್ತದೆ? ಅಲ್ಲಿ ಮೂರನೇ ಗೇರು ಕಂಡವನೇ ಭಾಗ್ಯವಂತ. ಬೆಟ್ಟ ಹತ್ತಲೆಂದು ಕೊಟ್ಟ ಗಿಡ್ಡ ಗೇರು ಆಮೆ ನಡಿಗೆಗೂ ಸರಿಯೇ. ಅದನ್ನು ಮುಟ್ಟಲಿಲ್ಲ. ಹಿಂದಿನ 18 ಇಂಚಿನ ಚಕ್ರಕ್ಕೆ ಮಾತ್ರ ಗಡ್ಡೆಗಡ್ಡೆಯ ಟೈರು ತೆಗೆಸಿ ರಸ್ತೆಯ ಟೈರು ಹಾಕಿಸಿದೆ. ಗೊಂಯ್ ಸದ್ದು ನಿಂತು, ಇಷ್ಟು ದಿನ ಕೇಳಿಸದಿದ್ದ ಬೈಕಿನ ಬೇರೆ ಸದ್ದುಗಳೆಲ್ಲ ಕೇಳಿಸತೊಡಗಿದವು.

ಇನ್ನು ಸೀರೆ ಗಾರ್ಡ್. ಹುಡುಗರು ಹೊಸ ಬೈಕು ತಂದ ಸಂಜೆಯೇ ಬಿಚ್ಚಿಹಾಕುವುದು ಇದನ್ನೇ. ಬೈಕಿನ ಅಂದ ಕೆಡುತ್ತದಂತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯದು ಅಂದಚಂದ ವಿಚಾರಿಸುವುದಿಲ್ಲ: ಹಿಂದೆ ಕೂತವರ ಬಟ್ಟೆ ಸಿಕ್ಕಿಹಾಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಬೇಕು, ಹಿಡಿಯಲು ಹಿಡಿ ಇರಬೇಕು, ಕಾಲಿಡಲು ಜಾಗ ಇರಬೇಕು. ನಮ್ಮ ಮನೆಯ ನಿಯಮ ಇನ್ನೂ ಕಟ್ಟುನಿಟ್ಟು. ಗಾರ್ಡ್ ಬಂತು, ತರಕಾರಿಗೆ ಹಿಂದೊಂದು ಡಬ್ಬಿ ಬಂತು, ಹ್ಯಾಂಡಲಿಗೆ ನಿಂಬೆಹಣ್ಣು ಬಂತು. ಲಡಾಖಿನ ಕನಸು ಕಾಣುವ ನನ್ನ ಅಕ್ಕನ ಮಗ ಇದನ್ನು ನೋಡಿ, "ಮಾವ, ಇದಕ್ಕಿಂತ ಸ್ಕೂಟರ್ ತಗೋಬಹುದಿತ್ತಲ್ಲ" ಎಂದ.

ತಗೊಳ್ಳಬಹುದಿತ್ತು. ಆದರೆ ಸ್ಕೂಟರಿಗೆ 21 ಇಂಚಿನ ಮುಂಚಕ್ರ ಎಲ್ಲಿಂದ ತರುವುದು? ಎಕ್ಸ್‌ಪಲ್ಸ್ 200ರಂಥದರಲ್ಲಿ ಮುಂದಿನ ಫೋರ್ಕು 190 ಮಿ.ಮೀ. ಕುಗ್ಗಿ ಏಳುತ್ತದೆ. ಮಳೆಗಾಲ ಕಳೆದ ಮೇಲೆ ನಮ್ಮ ಬಡಾವಣೆಯ ರಸ್ತೆಗೆ ಅದರಲ್ಲಿ ಒಂದು ಮಿ.ಮೀ. ಕೂಡ ದಂಡವಲ್ಲ.

ಮೊನ್ನೆ ಮನೆಯವಳು ಜಗಲಿಯ ಮೇಲಿಂದ ಬೈಕು ಹತ್ತಿ ಕೂತಳು. ನೆಲದಿಂದ ಹತ್ತುವುದು ಅವಳಿಗೆ ಈಗಲೂ ಆಗದ ಮಾತು. ತಿರುವಿನಲ್ಲಿ ನೀರು ಕೊರೆದು ಬಿಟ್ಟ ಹಳ್ಳವೊಂದು ಎದುರಾಯಿತು. ನಾನು ಅಭ್ಯಾಸಬಲದಿಂದ ಪಕ್ಕಕ್ಕೆ ಎಳೆಯಹೊರಟೆ. "ರೀ, ಅದನ್ನ ತಪ್ಪಿಸೋಕೆ ಹೋಗಿ ಪಕ್ಕದ ಟ್ಯಾಂಕರಿಗೆ ಗುದ್ದಬೇಡಿ. ಇಳಿಸಿಬಿಡಿ, ಏನೂ ಆಗಲ್ಲ" ಎಂದಳು. ಇಳಿಸಿದೆ. ಏನೂ ಆಗಲಿಲ್ಲ. ಮುಂದಿನ ಹಳ್ಳ ರಸ್ತೆಯ ಆ ಬದಿಗಿತ್ತು. ಅದಕ್ಕೆಂದೇ ಇಂಡಿಕೇಟರ್ ಹಾಕಿಕೊಂಡು ಹೋದೆ.