ಬೀಗರ ಬಂಡಿ

ಆಸ್ಟ್ರೇಲಿಯಾದ ಮಂದಿ ರಜೆ ಸಿಕ್ಕರೆ ಮನುಷ್ಯರೇ ಇಲ್ಲದ ಕಡೆ ಓಡುತ್ತಾರೆ. ಬಳ್ಳಾರಿ ಸೀಮೆಯ ನಾವು ಮನುಷ್ಯರು ಕಿಕ್ಕಿರಿದ ಕಡೆ ಓಡುತ್ತೇವೆ: ಕುರುಗೋಡಿನ ತೇರು, ಮೈಲಾರದ ಕಾರಣಿಕ, ಅವೆರಡೂ ದೂರವಿದ್ದರೆ ಯಾರದಾದರೂ ಮದುವೆ. ಈ ಎರಡು ಬಗೆಯ ರಜೆಯನ್ನು ಒಂದೇ ಕ್ಯಾರವಾನಿಗೆ ತುಂಬಿ ಮರುಭೂಮಿಗೆ ಹೊರಟವರು ನಾವು.

ಮೊದಲು ಪಾತ್ರಗಳ ಪರಿಚಯ. ನಾನು ಸಿರುಗುಪ್ಪದವಳು, ಭತ್ತದ ಗದ್ದೆ, ರೈಸ್‌ಮಿಲ್ಲಿನ ತೌಡಿನ ಧೂಳಿನಲ್ಲಿ ಬೆಳೆದವಳು. ಮಾವನವರು ಕುರುಗೋಡಿನವರು, ಭೂಮಿಯ ಮೇಲೆ ಏನೇ ಕಂಡರೂ ಅದನ್ನು ತಮ್ಮೂರಿನ ದೇವರು ದೊಡ್ಡಬಸವೇಶ್ವರನ ಪಕ್ಕಕ್ಕೆ ಇಟ್ಟು ಅಳೆಯುವವರು. ನಮ್ಮ ಯಜಮಾನರು ಓದಿದ್ದು ಬಳ್ಳಾರಿಯ ಕೌಲ್‌ಬಜಾರಿನಲ್ಲಿ. ಅದರಿಂದಾಗಿ ಮನೆಯಲ್ಲಿ ತಾವೊಬ್ಬರೇ ಸಿಟಿಯವರು ಎಂದು ನಂಬಿದ್ದಾರೆ. ನಾವಿರುವ ಮೆಲ್ಬರ್ನ್‌ನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ ನಾವೆಲ್ಲ ‘ಹಂಪಿ ಹತ್ತಿರ’ ಎಂದು ಹೇಳಿ ಪಾರಾಗುತ್ತಿದ್ದೆವು. 2021ರಲ್ಲಿ ಹಂಪಿ ವಿಜಯನಗರ ಜಿಲ್ಲೆಗೆ ಹೋಯಿತು. ಈಗ ಹಾಗೆಂದರೆ ಮಾವನವರು ಎಲ್ಲರೆದುರೇ ‘ಅದು ಬ್ಯಾರೆ ಜಿಲ್ಲಾ’ ಎಂದು ತಿದ್ದುತ್ತಾರೆ. ಗಡಿಯ ವಿಷಯದಲ್ಲಿ ಅವರಿಗೆ ಅಧಿಕಾರವುಂಟು. ಅವರು ಹುಟ್ಟಿದಾಗ ಮನೆ ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರಿನಲ್ಲಿ ಅದೇ ಮನೆ, ಅದೇ ಕಟ್ಟೆ, ಅದೇ ಎಮ್ಮೆ ಸಮೇತ ಮೈಸೂರು ರಾಜ್ಯಕ್ಕೆ ಬಂತು. ಕೂತಲ್ಲೇ ರಾಜ್ಯ ದಾಟಿದವರಿಗೆ ಪ್ರವಾಸದ ಬಗ್ಗೆ ಯಾರು ಏನು ಹೇಳಬೇಕು?

ನಾವು ಕ್ಯಾರವಾನು ಹಿಡಿದ ವರ್ಷ ಮಾವನವರ ವೀಸಾ, ನಮ್ಮವ್ವನ ವೀಸಾ ಎರಡೂ ತಿಂಗಳುಗಟ್ಟಲೆ ಒಂದರ ಮೇಲೊಂದು ಬಂದವು. ಅಂದರೆ ಬೀಗರು ಬೀಗತಿ ಒಂದೇ ಸೂರಿನಡಿ. ಅತ್ತೆಯವರು ಮೊಣಕಾಲು ನೋವೆಂದು ಕುರುಗೋಡಿನಲ್ಲೇ ಉಳಿದಿದ್ದರು. ಆ ಮೊಣಕಾಲಿಗೆ ಮುಂದಾಗುವುದು ಮೊದಲೇ ತಿಳಿದಿತ್ತೆಂದು ನನ್ನ ಅನುಮಾನ. ಬೀಗರ ನಡುವಿನ ಮರ್ಯಾದೆ ನಮ್ಮ ಕಡೆ ಸಣ್ಣದಲ್ಲ. ಅವ್ವ ಅವರೆದುರು ಕಾಲು ಚಾಚುವುದಿಲ್ಲ, ಸೆರಗು ಜಾರಿಸುವುದಿಲ್ಲ, ನೇರವಾಗಿ ಮಾತಾಡುವುದಂತೂ ಇಲ್ಲವೇ ಇಲ್ಲ. ‘ಬೀಗರಿಗೆ ಚಾ ಬೇಕೇನು ಕೇಳವ್ವ’ ಎಂದು ನನಗೆ ಹೇಳುತ್ತಾಳೆ. ಎರಡು ಅಡಿ ಆಚೆ ಕೂತ ಮಾವನವರು ‘ಬೀಗತ್ಯಾರಿಗೆ ತ್ರಾಸ ಬ್ಯಾಡಂತ ಹೇಳವ್ವ’ ಎಂದು ಅದೂ ನನಗೇ ಹೇಳುತ್ತಾರೆ. ಮೆಲ್ಬರ್ನ್‌ನ ಮನೆಯಲ್ಲಿ ನಾಲ್ಕು ಕೋಣೆಗಳಿದ್ದಾಗ ಈ ಟಪಾಲು ಕೆಲಸ ಹೇಗೋ ನಡೆಯುತ್ತಿತ್ತು.

ಮಾವನವರಿಗೆ ಮೆಲ್ಬರ್ನ್ ಚಳಿ ಹಿಡಿಸಲಿಲ್ಲ. ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲವಿರುವ ಊರಿನಿಂದ ಬಂದವರು ಆಗಸ್ಟಿನಲ್ಲಿ ಸ್ವೆಟರಿನ ಮೇಲೆ ಕಂಬಳಿ ಹೊದ್ದು, ಆ ಕಂಬಳಿಯ ಮೇಲೆ ನಮ್ಮನ್ನು ಬೈಯುತ್ತಿದ್ದರು. ‘ಅಪ್ಪಾ, ಸೆಪ್ಟೆಂಬರ್ ರಜೆಗೆ ನಿಮಗೆ ಬಿಸಿಲು ತೋರಿಸ್ತೀನಿ’ ಎಂದರು ಯಜಮಾನರು. ಆರಿಸಿದ್ದು ಕೂಬರ್ ಪೀಡಿ: ದಕ್ಷಿಣ ಆಸ್ಟ್ರೇಲಿಯಾದ ನಟ್ಟನಡುವಿನ ಓಪಲ್ ಗಣಿಯ ಊರು, ಅಡಿಲೇಡಿನಿಂದ ಉತ್ತರಕ್ಕೆ ಸುಮಾರು 850 ಕಿ.ಮೀ., ನಮ್ಮ ಮನೆಯಿಂದ 1500ಕ್ಕೂ ಹೆಚ್ಚು. ಬಾಡಿಗೆಗೆ ಒಂದು ಕ್ಯಾರವಾನು. ‘ಆರು ಜನ ಆರಾಮಾಗಿ ಮಲಗಬಹುದು’ ಎಂದು ಜಾಹೀರಾತಿನಲ್ಲಿತ್ತು. ಆ ಆರು ಜನರಲ್ಲಿ ಬೀಗರಿದ್ದಾರೆಯೇ ಎಂದು ಬರೆದವರು ವಿಚಾರಿಸಿರಲಿಲ್ಲ.

ಕ್ಯಾರವಾನು ಮನೆ ಮುಂದೆ ನಿಂತ ದಿನ ಮಾವನವರು ಅದರ ಸುತ್ತ ಎತ್ತು ಕೊಳ್ಳಲು ಬಂದವರಂತೆ ಎರಡು ಸುತ್ತು ಹಾಕಿದರು. ಚಕ್ರಕ್ಕೆ ಕಾಲಿನಿಂದ ತಟ್ಟಿದರು. ನೊಗದ ಜಾಗದಲ್ಲಿದ್ದ ಕೊಕ್ಕೆಯನ್ನು ಜಗ್ಗಿ ನೋಡಿದರು. ‘ಕೊಲ್ಲಾರಿ ಬಂಡೀನ ಐತಲೇ ಇದು. ಚಾಪಿ ಬದ್ಲು ತಗಡು ಹಾಕ್ಯಾರ.’ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹಳ್ಳಿಗಳಿಂದ ಕಮಾನು ಕಟ್ಟಿದ ಬಂಡಿಯಲ್ಲಿ ರೊಟ್ಟಿ, ಬುತ್ತಿ, ಒಲೆ, ಕಟ್ಟಿಗೆ, ಅಜ್ಜಿ, ಮೊಮ್ಮಕ್ಕಳನ್ನೆಲ್ಲ ಹೇರಿಕೊಂಡು ಜಾತ್ರೆಗೆ ಹೋಗಿ, ಬಯಲಿನಲ್ಲಿ ಬಂಡಿ ಬಿಟ್ಟು, ಅದರ ನೆರಳಲ್ಲೇ ಬಿಡಾರ ಹೂಡುತ್ತಿದ್ದವರು ನಾವು. ಕ್ಯಾಂಪಿಂಗ್ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಒಂದು ವ್ಯತ್ಯಾಸ ಮಾತ್ರ ಇತ್ತು, ಅದನ್ನು ಮೊದಲು ಕಂಡವಳು ಅವ್ವ.

‘ಒಲಿ ಇಲ್ಲೈತಿ, ಸಂಡಾಸ ಅಲ್ಲೈತಿ, ನಡುವ ಒಂದ ತಗಡಿನ ಬಾಗ್ಲ. ಯಾವನವ್ವ ಇದನ್ನ ಕಟ್ಟಿದಾವ?’ ಸಂಡಾಸದ ಕೆಳಗೆ ಒಂದು ಪೆಟ್ಟಿಗೆಯಿದೆ, ತುಂಬಿದಾಗ ಮನೆಯ ಗಂಡಸರೇ ಅದನ್ನು ಎಳೆದುಕೊಂಡು ಹೋಗಿ ಖಾಲಿ ಮಾಡಿ ತೊಳೆದು ತರಬೇಕು ಎಂದು ಯಜಮಾನರು ವಿವರಿಸಿದ ಮೇಲೆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವ ಆ ಕೋಣೆಯನ್ನು ಸೀಗೆಪುಡಿ ಹಾಕಿ ತೊಳೆದು, ಒರೆಸಿ, ಜೋಳದ ಹಿಟ್ಟು, ಸೋನಾ ಮಸೂರಿ ಅಕ್ಕಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿಯ ಉಗ್ರಾಣ ಮಾಡಿದಳು. ಸಾವಿರಾರು ಡಾಲರಿನ ಸೌಕರ್ಯದಲ್ಲಿ ಹಿಟ್ಟಿನ ಡಬ್ಬಿ ಕೂತಿತು. ನಾವು ದಾರಿಯುದ್ದಕ್ಕೂ ಪೆಟ್ರೋಲ್ ಬಂಕುಗಳನ್ನು ಎಣಿಸುತ್ತ ಹೋದೆವು.

ಹೊರಡುವ ಮುನ್ನ ಚಕ್ರಕ್ಕೆ ನಿಂಬೆಹಣ್ಣು, ಮುಂದುಗಡೆ ನಿಂಬೆಹಣ್ಣು–ಹಸಿಮೆಣಸಿನಕಾಯಿಯ ಸರ. ಒಳಗೆ ಫ್ರಿಜ್ಜಿನಲ್ಲಿ ಮಿರ್ಚಿಗೆಂದು ಆರಿಸಿ ತಂದ ಎರಡು ಕಿಲೋ ಉದ್ದ ಮೆಣಸಿನಕಾಯಿ. ಬಳ್ಳಾರಿಯವರು ಒಗ್ಗಾಣಿ–ಮಿರ್ಚಿ ಇಲ್ಲದೆ ಊರು ಬಿಡುವುದಿಲ್ಲ. ಆದರೆ ದಕ್ಷಿಣ ಆಸ್ಟ್ರೇಲಿಯಾ ಹಣ್ಣುನೊಣಕ್ಕೆ ಹೆದರಿದ ರಾಜ್ಯ. ಹೊರಗಿನಿಂದ ಹಣ್ಣು, ಕಾಯಿ ಏನನ್ನೂ ಗಡಿಯೊಳಗೆ ಬಿಡುವುದಿಲ್ಲ; ರಸ್ತೆಯಲ್ಲೇ ನಿಲ್ಲಿಸಿ ನೋಡುತ್ತಾರೆ, ಬಚ್ಚಿಟ್ಟರೆ ದಂಡ. ಮೆಣಸಿನಕಾಯಿ ಫ್ರಿಜ್ಜಿನಿಂದ ಇಳಿದು ಹೋಯಿತು. ತಪಾಸಣೆಯ ಹುಡುಗಿ ಕೈಗವಸು ಹಾಕಿಕೊಂಡು ಮುಂದಿನ ಸರವನ್ನೂ ಬಿಚ್ಚಿ, ಇದೇನೆಂದು ಕೇಳಿದಳು. ಯಜಮಾನರು ‘ಇನ್ಶೂರೆನ್ಸ್’ ಎಂದರು. ಆಕೆ ನಕ್ಕು ಅದನ್ನೂ ಡಬ್ಬಕ್ಕೆ ಹಾಕಿದಳು. ‘ದೃಷ್ಟಿ ತೆಗೆಯೋದನ್ನ ತಿಪ್ಪಿಗೆ ಒಗದ್ಲು, ಇನ್ನ ಆ ದೊಡ್ಡಬಸಪ್ಪನೇ ಕಾಯ್ಬೇಕು’ ಎಂದು ಮಾವನವರು ನಿಟ್ಟುಸಿರಿಟ್ಟರು. ಅದೇ ಗಡಿಯಲ್ಲಿ ಗಡಿಯಾರವನ್ನೂ ಅರ್ಧ ಗಂಟೆ ಹಿಂದಕ್ಕೆ ತಿರುಗಿಸಬೇಕು. ‘ಅರ್ಧ ತಾಸಿಗೊಂದು ರಾಜ್ಯಾನಾ?’ ಎಂದು ಅವರು ಕೇಳಿದ್ದಕ್ಕೆ ಇಂದಿಗೂ ನಮ್ಮಲ್ಲಿ ಉತ್ತರವಿಲ್ಲ.

ರಾತ್ರಿ ಮಲಗುವ ಪ್ರಶ್ನೆ ಬಂತು. ಬೀಗತಿ ಇರುವ ಬಂಡಿಯಲ್ಲಿ ಬೀಗರು ಮಲಗುವುದುಂಟೇ? ಮಾವನವರು ‘ನಾ ಹೊರಗ ಮಲಗ್ತೀನಂತ ಹೇಳವ್ವ’ ಎಂದರು. ‘ವಯಸ್ಸಾದವರು ಹೊರಗ್ಯಾಕ, ನಾನ ಹೊರಗ ಇರ್ತೀನಂತ ಹೇಳವ್ವ’ ಎಂದಳು ಅವ್ವ. ಹೇಳುವ ಅವ್ವ ನಾನು. ಒಂದು ತಾಸು ಈ ಔದಾರ್ಯದ ಕುಸ್ತಿ ನಡೆದು, ಕೊನೆಗೆ ಆರು ಜನರ ಕ್ಯಾರವಾನಿನಲ್ಲಿ ಅವ್ವ, ನಮ್ಮ ಮಗ, ನಾನು. ಹೊರಗೆ ಇನ್ನೂರು ಡಾಲರಿನ ಡೇರೆಯಲ್ಲಿ ಮಾವನವರು, ಯಜಮಾನರು. ಮರುಭೂಮಿಯ ರಾತ್ರಿ ಎಷ್ಟು ತಣ್ಣಗಿರುತ್ತದೆಂದು ಯಜಮಾನರು ಬೆಳಿಗ್ಗೆ ಹಲ್ಲು ಕಟಕಟಿಸುತ್ತ ವರ್ಣಿಸಿದರು.

ಕ್ಯಾರವಾನನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುವುದು ಬೇರೆಯೇ ಪುರಾಣ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಬಂಡಿಯ ಹಿಂಭಾಗ ಬಲಕ್ಕೆ ಹೋಗುತ್ತದೆ. ಕ್ಯಾರವಾನ್ ಪಾರ್ಕುಗಳಲ್ಲಿ ಸಂಜೆ ಹೊಸಬರು ಬಂದು ಇದನ್ನು ಮಾಡುವಾಗ ಹಳಬರು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಅವತ್ತಿನ ಬಯಲಾಟ ನಮ್ಮದು. ಮಾವನವರು ಲುಂಗಿ ಎತ್ತಿ ಕಟ್ಟಿ ಹಿಂದೆ ನಿಂತು, ಬಸ್ ಕಂಡಕ್ಟರನ ಗತ್ತಿನಲ್ಲಿ ತಗಡಿಗೆ ಬಡಿಯುತ್ತ ‘ಬರ್ಲಿ ಬರ್ಲಿ ಬರ್ಲಿ... ಕಟ್ ಹೊಡಿ... ಹೋಲ್ಡಾನ್!’ ಎಂದು ಕೂಗಿದರು. ಹೋಲ್ಡನ್ ಎಂಬುದು ಆಸ್ಟ್ರೇಲಿಯಾದ ಜನ ಎದೆಗಪ್ಪಿಕೊಂಡಿದ್ದ ಕಾರು; 2017ರಲ್ಲಿ ಇಲ್ಲಿ ತಯಾರಿಕೆ ನಿಂತು, 2020ರಲ್ಲಿ ಹೆಸರೂ ಮುಗಿಯಿತು. ಪಕ್ಕದ ಮುದುಕ ಎದ್ದು ಬಂದು, ತನ್ನದೂ ಒಂದು ಕಾಲದಲ್ಲಿ ಹೋಲ್ಡನ್ನೇ ಇತ್ತು ಎಂದು ಮಾವನವರ ಭುಜ ತಟ್ಟಿದ. ಭಾಷೆ ಬಾರದ ಇಬ್ಬರು ಕಾರಿನ ಶೋಕಾಚರಣೆಯಲ್ಲಿ ಹತ್ತು ನಿಮಿಷ ನಿಂತರು. ಅಷ್ಟರಲ್ಲಿ ಯಜಮಾನರು ಕ್ಯಾರವಾನನ್ನು ಒಂದು ಕಡೆಗೆ ವಾಲಿಸಿ ನಿಲ್ಲಿಸಿದ್ದರು. ಮಾವನವರು ಬಳ್ಳಾರಿ ಕೋಟೆಯ ಕಥೆ ತೆಗೆದರು: ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆ ಎಂದು ಕಟ್ಟಿದ ಮೇಲೆ ತಿಳಿದು, ಹೈದರಾಲಿ ತನ್ನ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ‘ನೀನೂ ಎಂಜಿನಿಯರನ ಅಲ್ಲೇನಲೇ?’ ಯಜಮಾನರು ಸುಮ್ಮನೆ ಚಕ್ರದ ಕೆಳಗೆ ಹಲಗೆ ಕೊಟ್ಟರು.

ಪೋರ್ಟ್ ಅಗಸ್ಟಾ ದಾಟಿದ ಮೇಲೆ ರಸ್ತೆ ಒಂದೇ ಗೆರೆ. ಎದುರು ಬರುವ ಗಾಡಿಯವರೆಲ್ಲ ಸ್ಟಿಯರಿಂಗಿನಿಂದ ಒಂದು ಬೆರಳೆತ್ತುತ್ತಾರೆ. ಆ ಬಯಲಿನ ನಮಸ್ಕಾರ ಅದು. ‘ಗುರ್ತಿನಾವೇನು?’ ಎಂದು ಮಾವನವರು. ಅಲ್ಲವೆಂದೆವು. ‘ಗುರ್ತಿಲ್ದವ್ನು ಕೈ ಎತ್ತಿದ ಅಂದ್ರ ಸಾಲ ಕೇಳ್ತಾನ.’ ಗಂಟೆ ಕಳೆದ ಮೇಲೆ ಅವರಿಗೆ ನಂಬಿಕೆ ಬಂತು. ಆಮೇಲೆ ಒಂದು ಬೆರಳು ಸಾಲದೆಂದು ಎರಡೂ ಕೈ ಜೋಡಿಸಿ, ಐವತ್ತು ಮೀಟರಿಗೂ ಉದ್ದದ ರೋಡ್ ಟ್ರೇನಿನ ಡ್ರೈವರನಿಗೂ ಶರಣು ಹೇಳಿದರು.

ಗ್ಲೆಂಡಾಂಬೋ ಎಂಬಲ್ಲಿ ಊರಿನ ಫಲಕದ ಮೇಲೆ ಜನಗಣತಿ ಬರೆದಿದೆ: ಕುರಿ 22,500, ನೊಣ ಸುಮಾರು 20 ಲಕ್ಷ, ಮನುಷ್ಯರು 30. ಮಾವನವರು ಅದನ್ನು ಮೊಮ್ಮಗನಿಂದ ಎರಡು ಸಲ ಓದಿಸಿಕೊಂಡು, ‘ಪಂಚಾಯ್ತಿ ಚುನಾವಣ್ಯಾಗ ಕುರೀನ ಗೆಲ್ತಾವು’ ಎಂದರು. ಅಲ್ಲಿಂದ ಕೂಬರ್ ಪೀಡಿಯವರೆಗೆ ಸುಮಾರು 250 ಕಿ.ಮೀ. ನಡುವೆ ಬಂಕಿಲ್ಲ, ಚಾ ಇಲ್ಲ, ಏನೂ ಇಲ್ಲ. ಬಳ್ಳಾರಿ ಬಿಟ್ಟವರು ತುಮಕೂರಿನವರೆಗೆ ಒಂದು ಗೂಡಂಗಡಿಯನ್ನೂ ಕಾಣದೆ ಹೋದಂತೆ. ನನ್ನ ಮನಸ್ಸು ಪದೇ ಪದೇ ಹಿಂದಿನ ಉಗ್ರಾಣದ ಕಡೆ ಹೋಗುತ್ತಿತ್ತು. ಆದರೆ ಅಲ್ಲಿ ಅಕ್ಕಿ ಚೀಲವಿತ್ತು.

ದಾರಿಯಲ್ಲಿ ಎಮು ಹಕ್ಕಿಗಳು ಕಂಡಾಗ ಅವ್ವ ಕಿಟಕಿಗೆ ಅಂಟಿಕೊಂಡು ‘ಎರೆಭೂತ!’ ಎಂದಳು. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಉಳಿದಿರುವ ಆ ಭಾರೀ ಹಕ್ಕಿ ಈಗ ಕರ್ನಾಟಕದಲ್ಲಿ ಬೇರೆಲ್ಲೂ ನೆಲೆ ನಿಂತಿಲ್ಲ. ಅದನ್ನು ನೋಡಲು ಫೋಟೊಗ್ರಾಫರುಗಳು ಎಲ್ಲೆಲ್ಲಿಂದಲೋ ಬರುತ್ತಾರೆ. ಸಿರುಗುಪ್ಪದಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಕಂಡಿಲ್ಲ. ಅವ್ವ ಚಿಕ್ಕವಳಿದ್ದಾಗ ಕಂಡಿದ್ದಾಳಂತೆ. ಅವಳು ಎಮುವಿಗೆ ಆ ಹೆಸರು ಕೊಟ್ಟದ್ದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ.

ಕೂಬರ್ ಪೀಡಿ ಕಂಡಾಗ ಮಾವನವರು ಮೊದಲು ಹೇಳಿದ್ದು ನಮ್ಮ ಗಣಿನಾಡಿನ ಹೆಸರು, ‘ಸಂಡೂರು’. ಎಲ್ಲಿ ನೋಡಿದರೂ ಅಗೆದು ಸುರಿದ ಮಣ್ಣಿನ ಗುಪ್ಪೆ, ಬಾಯ್ತೆರೆದ ಗುಂಡಿ, ‘ಹಿಂದುಹಿಂದಕ್ಕೆ ನಡೆಯಬೇಡಿ, ಬಿದ್ದೀರಿ’ ಎಂಬ ಫಲಕ. 1915ರಲ್ಲಿ ತಂದೆಯೊಂದಿಗೆ ಚಿನ್ನ ಹುಡುಕಲು ಬಂದಿದ್ದ 14 ವರ್ಷದ ವಿಲ್ಲಿ ಹಚಿಸನ್ ಎಂಬ ಹುಡುಗನಿಗೆ ಇಲ್ಲಿ ಓಪಲ್ ಸಿಕ್ಕಿತು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಬಿಸಿಲಿಗೆ ಬೇಸತ್ತ ಗಣಿಗಾರರು ತಾವು ತೋಡಿದ ನೆಲದೊಳಗೇ ಮನೆ ಮಾಡಿಕೊಂಡರು. ಒಳಗೆ ವರ್ಷವಿಡೀ 24 ಡಿಗ್ರಿಯ ಆಸುಪಾಸು, ಫ್ಯಾನಿಲ್ಲ, ಎ.ಸಿ. ಇಲ್ಲ. ಮಲಗುವ ಕೋಣೆ, ಪುಸ್ತಕದಂಗಡಿ, ಚರ್ಚು ಎಲ್ಲ ನೆಲದೊಳಗೆ. ಅಂಥ ಒಂದು ಮನೆಯ ತಂಪು ಗೋಡೆಗೆ ಬೆನ್ನು ಕೊಟ್ಟು ಮಾವನವರು ಮೌನವಾದರು. ‘ನಮ್ಮಲ್ಲಿ ಗುಡ್ಡ ಹೋತು, ಗುಂಡಿ ಉಳೀತು. ಗುಂಡ್ಯಾಗ ಇರೋದು ನಮಗ್ಯಾಕ ಹೊಳೀಲಿಲ್ಲ?’ ಎಂದರು ಆಮೇಲೆ. ಸರ್ಬಿಯನ್ ಚರ್ಚಿನ ಒಳಗೆ ಬಂಡೆಯಲ್ಲೇ ಕೊರೆದ ಕಮಾನು, ಸಂತರ ಮುಖಗಳನ್ನು ನೋಡಿ ಮಾತ್ರ ಕುರುಗೋಡಿನ ಅಭಿಮಾನ ಎದ್ದು ಕೂತಿತು: ‘ಚಲೋ ಮಾಡ್ಯಾರ. ಆದ್ರ ನಮ್ಮ ಬಸಪ್ಪ ಒಂದ ಕಲ್ಲು.’

ಅವರಿಗಿದ್ದ ದೂರು ಒಂದೇ: ಬಿಸಿಲು ಸಾಲದು. ಸೆಪ್ಟೆಂಬರಿನ ಅಲ್ಲಿನ ಮಧ್ಯಾಹ್ನ ನಮ್ಮ ದೀಪಾವಳಿಯಷ್ಟೇ. ಹುಲ್ಲಿನ ಎಸಳಿಲ್ಲದ ಗಾಲ್ಫ್ ಮೈದಾನ, ಚೆಂಡು ಇಡಲು ಆಟಗಾರರು ಬಗಲಲ್ಲಿ ಹೊತ್ತೊಯ್ಯುವ ಹುಲ್ಲಿನ ತುಂಡು ಇದನ್ನೆಲ್ಲ ನೋಡಿ ಅವ್ವ ಕನಿಕರಪಟ್ಟಳು. ಊರಿಗೆ ನೀರು 24 ಕಿ.ಮೀ. ದೂರದ ಕೊಳವೆಬಾವಿಯಿಂದ ಬಂದು, ಉಪ್ಪು ತೆಗೆಸಿಕೊಂಡು ನಲ್ಲಿಗಿಳಿಯುತ್ತದೆ. ಕ್ಯಾರವಾನಿನವರು ನಾಣ್ಯ ಹಾಕಿ ತುಂಬಿಸಿಕೊಳ್ಳಬೇಕು. ತುಂಗಭದ್ರೆಯ ದಂಡೆಯವಳಾದ ಅವ್ವ ಪಾತ್ರೆ ತೊಳೆದ ನೀರನ್ನು ಚೆಲ್ಲದೆ ಪಕ್ಕದ ಒಣಗಿದ ಗಿಡಕ್ಕೆ ಹಾಕಿ ಬಂದಳು. ಊರಾಚೆ ನಾಯಿ ಬೇಲಿ: ಡಿಂಗೋಗಳು ಕುರಿಗಳ ಕಡೆ ಬರದಂತೆ ಹಾಕಿದ 5000 ಕಿ.ಮೀ.ಗೂ ಉದ್ದದ ತಂತಿ. ‘ಇಷ್ಟ ತಂತಿ ಇದ್ದಿದ್ರ ನಮ್ಮ ಅಣ್ಣತಮ್ಮರ ಕೇಸು ಕೋರ್ಟಿಗೇ ಹೋಗ್ತಿದ್ದಿಲ್ಲ’ ಎಂದರು ಮಾವನವರು.

ಮಣ್ಣಿನ ಗುಪ್ಪೆ ಕೆದಕಿ ಓಪಲ್ ಹುಡುಕಲು ಪ್ರವಾಸಿಗಳಿಗೆ ಒಂದು ಜಾಗ ಬಿಟ್ಟಿದ್ದಾರೆ. ಗಣಿನಾಡಿನ ಮಾವನವರು ಕೋಲು ಹಿಡಿದು, ತಜ್ಞರಂತೆ ಪದರ, ಬಣ್ಣ ನೋಡಿ ಅಗೆದರು. ಅವ್ವ ಒಂದು ಕಡೆ ಕುಕ್ಕರುಗಾಲಲ್ಲಿ ಕೂತು, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವಂತೆ ಮಣ್ಣು ಹರವಿ ಬೆರಳಾಡಿಸಿದಳು. ಸಿರುಗುಪ್ಪದ ಹೆಂಗಸಿನ ಕಣ್ಣು. ಹೊತ್ತು ಇಳಿಯುವ ಮುನ್ನ ಅವಳ ಅಂಗೈಯಲ್ಲಿ ಹಸಿರು ನೀಲಿ ಮಿನುಗುವ ಚೂರುಗಳಿದ್ದವು. ಅವರ ಕೈಯಲ್ಲಿ ಬೊಬ್ಬೆ. ‘ಬೀಗತ್ಯಾರಿಗೆ ಎಲ್ಲಿ ಸಿಕ್ತು ಕೇಳವ್ವ’ ಎಂದರು. ‘ಕಲ್ಲಾಗ ಸಿಕ್ತಂತ ಹೇಳವ್ವ’ ಎಂದಳು.

ಸಂಜೆ ಐದಕ್ಕೆ ಪಾರ್ಕಿನಲ್ಲಿ ಕುರ್ಚಿಗಳ ಮೇಳ. ಬಹುಪಾಲು ಅರವತ್ತು ದಾಟಿದ ಗಂಡಹೆಂಡಿರು. ಮನೆ ಮಾರಿಯೋ ಬೀಗ ಹಾಕಿಯೋ ವರ್ಷಗಟ್ಟಲೆ ಹೀಗೇ ಸುತ್ತುವವರು. ಒಬ್ಬರ ಗಾಡಿಯ ಹಿಂದೆ ‘ಮಕ್ಕಳ ಆಸ್ತಿ ಖರ್ಚು ಮಾಡುತ್ತಿದ್ದೇವೆ’ ಎಂಬ ಅರ್ಥದ ಸ್ಟಿಕ್ಕರ್. ರಿಟೈರಾದ ದುಡ್ಡಿನಲ್ಲಿ ಮಗನಿಗೆಂದು ಮೇಲೊಂದು ಮಾಳಿಗೆ ಕಟ್ಟಿಸಿ, ಆ ಮಗ ಮೆಲ್ಬರ್ನ್‌ಗೆ ಹೋದ ಮೇಲೆ ಅದರಲ್ಲಿ ಮೆಣಸಿನಕಾಯಿ ಒಣಗಿಸುತ್ತಿರುವ ಮಾವನವರಿಗೆ ಮೊಮ್ಮಗ ಅದನ್ನು ಕನ್ನಡದಲ್ಲಿ ಹೇಳಬಾರದಿತ್ತು. ಅವರು ಯಜಮಾನರನ್ನು ಬಹಳ ಹೊತ್ತು ನೋಡಿದರು.

ಅವ್ವ ಒಗ್ಗಾಣಿ ಕಲಸಿದಳು. ಮೆಣಸಿನಕಾಯಿ ಗಡಿಯಲ್ಲೇ ಹೋಗಿತ್ತು. ಪೋರ್ಟ್ ಅಗಸ್ಟಾದಲ್ಲಿ ಕೊಂಡ ಕ್ಯಾಪ್ಸಿಕಮ್ಮನ್ನೇ ಸೀಳಿ ಹಿಟ್ಟಿನಲ್ಲಿ ಅದ್ದಿ ಕರಿದಳು. ‘ಇದು ಮಿರ್ಚಿ ಅಲ್ಲ, ಮಿರ್ಚಿಯ ಬೀಗರು’ ಎಂದು ಮಾವನವರು ನಕ್ಕರು. ಏಕಾಂತ ಹುಡುಕಿಕೊಂಡು ಸಾವಿರಾರು ಕಿ.ಮೀ. ಬಂದಿದ್ದ ಮುದುಕ ಮುದುಕಿಯರು ವಾಸನೆ ಹಿಡಿದು ಒಬ್ಬೊಬ್ಬರಾಗಿ ಕುರ್ಚಿ ಎತ್ತಿಕೊಂಡು ನಮ್ಮ ಡೇರೆಯ ಮುಂದೆ ಬಂದು ಕೂತರು. ಎಂಟು ಗಂಟೆಗೆ ನೋಡಿದರೆ ಹದಿನಾಲ್ಕು ಕುರ್ಚಿ, ಮಧ್ಯೆ ಲುಂಗಿಯಲ್ಲಿ ಮಾವನವರು, ಮೊಮ್ಮಗನನ್ನು ದುಭಾಷಿ ಮಾಡಿಕೊಂಡು ಮೈಲಾರದ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವುದನ್ನು ಅಭಿನಯಿಸುತ್ತಿದ್ದರು. ದಾರಿಯಲ್ಲಿ ಸಿಕ್ಕಿದ್ದ ಹೋಲ್ಡನ್ ಮುದುಕನೂ ಅಲ್ಲಿಗೇ ಬಂದು ಸೇರಿ, ‘ಬರ್ಲಿ ಬರ್ಲಿ’ ಎಂದು ಹುರಿದುಂಬಿಸುತ್ತಿದ್ದ.

ಮರುದಿನ ಬೆಳಿಗ್ಗೆ ಮಾವನವರು ಗೇಣು ಹಾಕಿ ಕ್ಯಾರವಾನಿನ ಉದ್ದ ಅಗಲ ಅಳೆಯುತ್ತಿದ್ದರು. ಸಿರುಗುಪ್ಪದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರು ನನ್ನ ತಮ್ಮನಿಗೆ ಪರಿಚಯ. ಒಂದು ಟ್ರೇಲರಿಗೆ ತಗಡು ಹೊದಿಸಿ, ಎರಡು ಮಂಚ, ಒಂದು ಒಲೆ ಕೂಡಿಸಿ, ಮುಂದಿನ ಹೋಳಿ ಹುಣ್ಣಿಮೆಯ ಹೊತ್ತಿಗೆ ಕುರುಗೋಡು ಜಾತ್ರೆಯಲ್ಲಿ ನಿಲ್ಲಿಸುವ ಯೋಜನೆ. ಅವರ ಮನೆ ಅಲ್ಲಿಂದ ಕೂಗಳತೆಯಲ್ಲಿದೆ ಎಂಬುದನ್ನು ಯಾರೂ ಎತ್ತಲಿಲ್ಲ. ಅವ್ವ ಒಳಗಿನಿಂದ ಎರಡು ತಿದ್ದುಪಡಿ ಕಳಿಸಿದಳು, ಎಂದಿನಂತೆ ನನ್ನ ಮೂಲಕ: ಸಂಡಾಸದ ಜಾಗ ಮೊದಲಿಂದಲೇ ಹಿಟ್ಟಿಗೆ ಬಿಡಬೇಕು, ಮತ್ತು ಬೀಗರು ಬರುವುದಾದರೆ ಎರಡನೇ ಟ್ರೇಲರ್.